ತಪ್ಪು ವೇಷಗಾರನದು, ಅಪವಾದ ಬೆರಳಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬ್ರೈಲ್ ಮುದ್ರಣಾಲಯದ ನೆಲಮಾಳಿಗೆಯಲ್ಲಿ ಆಕೆ ಆಗಲೇ ಕೂತಾಗಿದೆ. ಹೆಗಲ ಮೇಲೊಂದು ಶಾಲು, ಪಕ್ಕದಲ್ಲಿ ಆರಿಹೋದ ಚಹಾ, ಎದುರಿಗೆ ಎರಡು ಪರದೆ. ಗೋಡೆಯಾಚೆ ಕಾಗದಕ್ಕೆ ಚುಕ್ಕಿ ಒತ್ತುವ ಯಂತ್ರ ಶುರುವಾಯಿತೋ ಮುಗಿಯಿತು, ತಲೆಯೊಳಗೇ ಮೊಳೆ ಹೊಡೆದ ಹಾಗೆ. ಅದಕ್ಕೇ ಈ ಹೊತ್ತು. ಇಲ್ಲಿಯವರಿಗೆಲ್ಲ ಆಕೆ ‘ರಿಪೇರಿ ಅಕ್ಕ’. ಹೊರಗಿನವರಿಗೆ ಯಾರೂ ಅಲ್ಲ.

ತಮಾಷೆಯೆಂದರೆ, ಅಕ್ಕ ರಿಪೇರಿ ಮಾಡುವುದು ಇಲ್ಲದ ಯಂತ್ರವನ್ನು! ಅಕ್ಷರಗಳನ್ನು ಚುಕ್ಕಿಗಳಾಗಿಸುತ್ತಿದ್ದ ಹಳೆಯ ಕಂಪ್ಯೂಟರ್ ಸತ್ತು ಗುಜರಿ ಸೇರಿದೆ. ಅದರ ಪ್ರೋಗ್ರಾಂ ಮಾತ್ರ ಉಳಿದಿದೆ, ಆದರೆ ಅದು ಬೇರೆ ಯಾವ ಯಂತ್ರದಲ್ಲೂ ಓಡುವುದಿಲ್ಲ. ಅದಕ್ಕಾಗಿ ಅಕ್ಕ ಒಂದು ಎಮ್ಯುಲೇಟರ್ ಬರೆದರು. ಹೊಸ ಕಂಪ್ಯೂಟರ್ ಹಳೆಯದರ ವೇಷ ಹಾಕುತ್ತದೆ, ಪ್ರೋಗ್ರಾಂ ನಂಬುತ್ತದೆ. ಮಹಡಿಯ ಮೇಲೆ ಕರಡು ತಿದ್ದುವ ಅವರ ಚಿಕ್ಕಪ್ಪ ಅದಕ್ಕಿಟ್ಟ ಹೆಸರು ‘ವೇಷಗಾರ’.

ಚಿಕ್ಕಪ್ಪನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಶಾಲೆಗಳಿಗೆ ಹೋಗುವ ಪ್ರತಿ ಪುಸ್ತಕವೂ ಮೊದಲು ಅವರ ಬೆರಳಡಿ ಹಾದು ಹೋಗಬೇಕು. “ಅಪ್ಪ ಹೋದ್ಮೇಲೆ ನನ್ನನ್ನ ಸಾಕಿದ್ದು ಆ ಬೆರಳೇ,” ಎನ್ನುತ್ತಾರೆ ಅಕ್ಕ.

ಕೆಲವು ತಿಂಗಳಿಂದ ಆ ಬೆರಳಿಗೇ ಕುತ್ತು. ಲೆಕ್ಕದ ಪುಸ್ತಕದ ನಡುವೆ ಯಾವುದೋ ಕತೆಯ ಅರ್ಧ ಸಾಲು ಬಂದಿದೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಆ ಪುಟವನ್ನಷ್ಟೇ ಮತ್ತೆ ಒತ್ತಿಸಿದರೆ ಸರಿಯಾಗಿಯೇ ಇರುತ್ತದೆ. ತಪ್ಪು ಹಾಳೆಯನ್ನು ಕೂಡಲೇ ಹರಿದು ರದ್ದಿಗೆ ಹಾಕುವುದು ಇಲ್ಲಿಯ ಪದ್ಧತಿ, ಒಳ್ಳೆಯ ಹಾಳೆಗಳ ಜೊತೆ ಬೆರೆಯಬಾರದಲ್ಲ! ಹಾಗಾಗಿ ಸಾಕ್ಷಿಯೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಬೆರಳು ಮರಗಟ್ಟಿದೆ ಎಂದು ಮ್ಯಾನೇಜರು ತೀರ್ಮಾನಿಸಿದರು. ತಿಂಗಳು ಮುಗಿದ ಮೇಲೆ ಮನೆಯಲ್ಲೇ ಆರಾಮಾಗಿರಿ ಎಂದೂ ಹೇಳಿಬಿಟ್ಟರು.

“ನಾನೂ ಹಾಗೇ ಅಂದ್ಕೊಂಡೆ. ಚಿಕ್ಕಪ್ಪನ ಎದುರು ಹೇಳ್ಲಿಲ್ಲ, ಅಷ್ಟೇ,” ಅಕ್ಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

ಹೋದ ವಾರ ಚಿಕ್ಕಪ್ಪ ಪದ್ಧತಿ ಮುರಿದರು. ಹಾಳೆ ಹರಿಯದೆ ಹಾಗೇ ತಂದು ಕೊಟ್ಟರು. “ತಗೋ, ನೀನೇ ನೋಡು. ನನ್ನ ಬೆರಳಿಗೆ ಹುಚ್ಚು ಹಿಡಿದಿದ್ಯೋ, ನಿನ್ನ ವೇಷಗಾರನಿಗೋ?” ಅಕ್ಕ ಚುಕ್ಕಿಗಳನ್ನು ಒಂದೊಂದಾಗಿ ಕಣ್ಣಲ್ಲೇ ಬಿಡಿಸಿದರು. ಕೂಡಿಸುವ ಲೆಕ್ಕದ ಅರ್ಧದಲ್ಲಿ ನರಿಯೊಂದು ಬಾವಿಗೆ ಇಣುಕುತ್ತಿತ್ತು. ಹಿಂದಿನ ದಿನ ಒತ್ತಿದ ಕತೆಪುಸ್ತಕದ ನರಿ.

“ಹಳೇ ಯಂತ್ರದ ನೆನಪು, ಅಂದ್ರೆ ಮೆಮೊರಿ, ಸಣ್ಣ ಸಣ್ಣ ಕೋಣೆ ಇದ್ದಂಗೆ,” ಅಕ್ಕ ಬಿಡಿಸಿ ಹೇಳುತ್ತಾರೆ. “ಪ್ರೋಗ್ರಾಂಗೆ ಎಲ್ಲ ಸಾಲಾಗಿವೆ ಅನ್ಸುತ್ತೆ. ನಿಜಕ್ಕೂ ಒಂದು ಇಲ್ಲಿ, ಇನ್ನೊಂದು ಎಲ್ಲೋ. ಅದಕ್ಕೇ ಕೋಣೆ ದಾಟಿದಾಗೆಲ್ಲ ನಿಜವಾದ ವಿಳಾಸ ಮತ್ತೆ ಕೇಳ್ಬೇಕು. ನಮ್ಮ ವೇಷಗಾರ ಸಾಲಿನ ಶುರುವಲ್ಲಿ ಒಂದ್ಸಲ ಕೇಳಿ, ಆಮೇಲೆ ಸೀದಾ ಪಕ್ಕದ ಕೋಣೆಗೆ ನುಗ್ತಿದ್ದ. ಅಲ್ಲಿ ನಿನ್ನೆಯ ಕತೆ ಬಿದ್ದಿರ್ತಿತ್ತು.” ಒಂದೇ ಪುಟ ಒತ್ತಿದಾಗ ಸಾಲೆಲ್ಲ ಒಂದೇ ಕೋಣೆಯಲ್ಲಿ ಹಿಡಿಸುತ್ತದೆ, ತಪ್ಪು ಮಾಯ. ಹಾಗೆ ಬರೆದದ್ದಾದರೂ ಯಾಕೆ? “ಬೇಗ ಆಗ್ಲಿ ಅಂತ. ನಿಧಾನ, ನಿಧಾನ ಅಂತ ಬೈಸ್ಕೊಂಡು ಸಾಕಾಗಿತ್ತು.”

ತಿದ್ದಿದ್ದು ನಾಲ್ಕೇ ಸಾಲು. ಇವತ್ತು ಇಡೀ ಪುಸ್ತಕ ಮತ್ತೆ ಒತ್ತಿಸಿ, ಅದೇ ಪುಟವನ್ನೂ ಹಳೆಯ ಹಾಳೆಯನ್ನೂ ಹಿಡಿದು ಅಕ್ಕ ಮಹಡಿ ಹತ್ತುತ್ತಾರೆ. ಬಾಗಿಲಲ್ಲಿ ಮ್ಯಾನೇಜರು ಕೈಕಟ್ಟಿ ನಿಂತಿದ್ದಾರೆ. ಯಾವುದು ಯಾವುದೆಂದು ಹೇಳದೆ ಅಕ್ಕ ಎರಡನ್ನೂ ಚಿಕ್ಕಪ್ಪನ ಮೇಜಿನ ಮೇಲಿಡುತ್ತಾರೆ.

ಚಿಕ್ಕಪ್ಪ ಓದುತ್ತಾರೆ. ತುಂಬಾ ಹೊತ್ತು ಓದುತ್ತಾರೆ. “ಇದ್ರಲ್ಲಿ ನರಿ ಇದೆ.” ಇನ್ನೊಂದು ಹಾಳೆ. ಮತ್ತೆ ಅಷ್ಟೇ ಹೊತ್ತು. “ಇದ್ರಲ್ಲಿ ಓಡ್ಹೋಗಿದೆ. ಲೆಕ್ಕಾನೂ ಸರಿ ಇದೆ.”

“ತಪ್ಪು ತಿಳ್ಕೊಂಡಿದ್ದೆ ಮೇಷ್ಟ್ರೇ,” ಎಂದು ಮ್ಯಾನೇಜರು ಚಿಕ್ಕಪ್ಪನಿಗೆ ಹೇಳುತ್ತಾರೆ.

“ಪೂರ್ತಿ ತಪ್ಪೇನಲ್ಲ ಸಾರ್. ಬಲಗೈ ಹೋಗಿ ತುಂಬಾ ದಿನ ಆಯ್ತು. ಈಗ ಓದಿದ್ದು ಎಡಗೈ.”

ಆಗಲೇ ಅಕ್ಕನ ಕಣ್ಣಿಗೆ ಬೀಳುತ್ತದೆ. ಬಲಗೈ ಅಷ್ಟೂ ಹೊತ್ತು ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ. ಮ್ಯಾನೇಜರು ನೆಲ ನೋಡುತ್ತಾ, “ಎಡಗೈ ಓದೋ ತನಕ ಇರಿ,” ಎಂದು ಇಳಿದು ಹೋಗುತ್ತಾರೆ.

“ನನಗ್ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ?”

“ಹೇಳಿದ್ರೆ ನೀನು ವೇಷಗಾರನಲ್ಲಿ ತಪ್ಪು ಹುಡುಕ್ತಿದ್ಯಾ?”

ಅಕ್ಕ ನೆಲಮಾಳಿಗೆಗೆ ಇಳಿದು, ಆರಿದ ಚಹಾವನ್ನೇ ಕುಡಿಯುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ, ಗೋಡೆಯಾಚೆ ಯಂತ್ರ ಮತ್ತೆ ಶುರುವಾಗುವ ಮೊದಲು ಇಷ್ಟೇ ಹೇಳುತ್ತಾರೆ:

“ಇನ್ಮೇಲೂ ಚಿಕ್ಕಪ್ಪ ತಪ್ಪು ಅಂದಾಗೆಲ್ಲ, ಆ ತಪ್ಪು ಅವರ ಬೆರಳಿಂದಲ್ಲ, ನನ್ನದೇ ಆಗಿರ್ಲಿ.”