ಎದುರು ಖೋಲಿಯ ಅಕ್ಕ, ಕಿಲ್ಲಾರಿಯ ಬೆಳಗು

ಮೊನ್ನೆ ಗಣಪತಿ ಮುಳುಗಿಸಿ ಬಂದ ನಮ್ಮ ಸೊಸೈಟಿಯವರು ನನ್ನ ಜೊತೆ ಲಿಫ್ಟ್ ಹತ್ತಿದರು. ತಲೆ, ಅಂಗಿ, ಕಿವಿಯ ಹಿಂದೆಲ್ಲ ಗುಲಾಲು. ಬೆವರಿಗೆ ಒದ್ದೆಯಾದ ಗುಲಾಲಿಗೆ ಒಂದು ವಾಸನೆ ಇರುತ್ತದೆ. ಒಣಮಣ್ಣಿನಂಥ, ಗಂಟಲು ಹಿಡಿಯುವಂಥ ವಾಸನೆ... ನನ್ನ ಮಹಡಿ ಬರುವಷ್ಟರಲ್ಲಿ ನಾನು ಶುಕ್ರವಾರ ಪೇಟೆಯ ಹಳೆಯ ವಾಡಾಕ್ಕೆ, ಎದುರು ಖೋಲಿಯ ಅಕ್ಕನ ಮನೆಗೆ ಹೋಗಿಬಿಟ್ಟಿದ್ದೆ.

ಧಾರವಾಡದಿಂದ ಮದುವೆಯಾಗಿ ಈ ಮರಾಠಿ ಊರಿಗೆ ಬಂದ ಹೊಸತು. ವಾಡಾ ಎಂದರೆ ನಡುವೆ ಅಂಗಳ, ಅಂಗಳಕ್ಕೊಂದೇ ನಳ, ಸುತ್ತಲೂ ಒಂದೊಂದೇ ಕೋಣೆಯ, ಅಂದರೆ ಖೋಲಿಯ ಸಂಸಾರಗಳು. ನನಗೆ ಮರಾಠಿ ಬರುತ್ತಿರಲಿಲ್ಲ. ನಳದ ಮುಂದೆ ಕೊಡ ಹಿಡಿದು ಒಬ್ಬಳೇ ಏನೋ ಗೊಣಗುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿಸಿತು. "ಕನ್ನಡದಾಕಿ ಏನವಾ ನೀ? ಮೊದಲ ಹೇಳಬಾರದ?" ಅಕ್ಕನ ತವರು ಉಮರಗಾದ ಕಡೆ, ಕಿಲ್ಲಾರಿಗೆ ಹತ್ತಿರದ ಒಂದು ಹಳ್ಳಿ. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ. ಗಂಡ ಛಾಪಖಾನೆಯಲ್ಲಿ ಕೆಲಸಕ್ಕಿದ್ದರು, ಮಗ ಶಾಲೆಗೆ ಹೋಗುತ್ತಿದ್ದ. ಅಂದಿನಿಂದ ನಾನು ಆಕೆಗೆ ತಂಗಿಯಾದೆ, ಆಕೆಯ ಮಗನಿಗೆ ಮಾವಶಿ, ಅಂದರೆ ಚಿಕ್ಕಮ್ಮ. ಕಾಯಿಪಲ್ಲೆಯವನ ಜೊತೆ ಚೌಕಾಸಿ ಮಾಡುವುದರಿಂದ ಹಿಡಿದು ವಾಡಾದ ಒಡತಿ ಮಾಲಕಿನ್‌ಬಾಯಿಯ ಬಾಯಿ ಮುಚ್ಚಿಸುವುದರವರೆಗೆ ಆಕೆಯೇ ಕಲಿಸಿದಳು.

ತೊಂಬತ್ಮೂರರಲ್ಲಿ ಗೌರಿ ಹಬ್ಬಕ್ಕೆ ಅಕ್ಕನ ತಾಯಿ ಊರಿನಿಂದ ಬಂದಿದ್ದರು. ಹಬ್ಬ ಮುಗಿದ ಮರುದಿನವೇ ಅಜ್ಜಿ ಹೊರಟು ನಿಂತರು.

"ಇಷ್ಟ ದೂರ ಬಂದೀದಿ. ಲಕ್ಷ್ಮೀ ರೋಡಿನ ಗಣಪತಿ ಮೆರವಣಿಗಿ ನೋಡದ ಹೋಗ್ತಿಯೇನಬೇ?" ಎಂದಳು ಅಕ್ಕ.

"ಮೆರವಣಿಗಿ ತಗೊಂಡು ಏನ ಮಾಡ್ಲಿ? ನಾ ಮಗ್ಗಲದಾಗ ಇಲ್ಲಂದ್ರ ಸಣ್ಣಾಕಿ ಮಲಗಂಗಿಲ್ಲ." ಸಣ್ಣಾಕಿ ಎಂದರೆ ಊರಲ್ಲಿದ್ದ ಅಜ್ಜಿಯ ಮಗನ, ಅಂದರೆ ಅಕ್ಕನ ತಮ್ಮನ, ಕಿರಿಯ ಮಗಳು.

"ನಾಕ ದಿನ ಅವರವ್ವನ ಹತ್ರ ಮಲಗ್ತಾಳ, ಬಿಡು."

ಅಕ್ಕ ನಗುತ್ತಲೇ ತಾಯಿಯ ಬಟ್ಟೆಯ ಗಂಟನ್ನು ಎತ್ತಿ ಅಟ್ಟದ ಮೇಲಿಟ್ಟಳು. ಅಜ್ಜಿಗೆ ಕೈ ಎಟುಕುತ್ತಿರಲಿಲ್ಲ. ಬೈದುಕೊಳ್ಳುತ್ತ ಉಳಿದರು.

ವಿಸರ್ಜನೆಯ ಮೆರವಣಿಗೆಗೆ ನಾವೆಲ್ಲ ಹೋಗಿದ್ದೆವು. ಅಜ್ಜಿ ಕಣ್ಣು ಪಿಳುಕಿಸದೆ ನೋಡಿದರು. ಸಣ್ಣಾಕಿಗೆಂದು ಹಸಿರು ಬಳೆ ಕೊಂಡರು. ಕಾಲೆಳೆಯುತ್ತ ಮನೆಗೆ ಬಂದು ಬಿದ್ದುಕೊಂಡೆವು. ಯಾವಾಗಲೋ ನಸುಕಿನಲ್ಲಿ ಗೋಡೆಯ ಮಾಡದಲ್ಲಿನ ಡಬ್ಬಿಗಳು ಗಡಗಡ ಅಂದದ್ದು ಅರೆನಿದ್ದೆಯಲ್ಲಿ ಕೇಳಿಸಿತ್ತು. ಢೋಲಿನ ಸದ್ದಿಗೆ ಹಳೆಯ ವಾಡಾದ ಗೋಡೆ ಅದುರುವುದು ಹೊಸದೇನಲ್ಲ. ಮಗ್ಗಲು ಬದಲಿಸಿ ಮಲಗಿದೆ.

ಬೆಳಿಗ್ಗೆ ನೀರಿಗೆ ಹೋದಾಗ ಅಕ್ಕ ನಳದ ಹತ್ತಿರ ನಿಂತಿದ್ದಳು. ಮಾಲಕರ ಮನೆಯ ರೇಡಿಯೋ ದೊಡ್ಡದಾಗಿ ಹಚ್ಚಿದ್ದರು. ಲಾತೂರು, ಉಸ್ಮಾನಾಬಾದ್ ಎಂದು ಕೇಳಿತು. ಕಿಲ್ಲಾರಿ ಎಂದು ಕೇಳಿತು. ಭೂಕಂಪವಾಗಿ ಹಳ್ಳಿಹಳ್ಳಿಗಳೇ ನೆಲಸಮವಾಗಿವೆ ಎಂದು ಕೇಳಿತು. ಅಕ್ಕನ ಕೊಡ ತುಂಬಿ ಹರಿಯುತ್ತಿತ್ತು, ಆಕೆಯ ಕಾಲು ತೊಯ್ದಿತ್ತು. ಯಾರೋ ಕೈ ಚಾಚಿ ನಳ ನಿಲ್ಲಿಸಿದರು. ದೂರದಲ್ಲಿ ಮೆರವಣಿಗೆ ಇನ್ನೂ ಮುಗಿದಿರಲಿಲ್ಲ, ಢೋಲು ಕೇಳುತ್ತಲೇ ಇತ್ತು.

ಅಕ್ಕ ನನ್ನ ಕೈ ಹಿಡಿದು ತನ್ನ ಖೋಲಿಗೆ ಕರೆದುಕೊಂಡು ಹೋದಳು. ಅಜ್ಜಿ ಗಾಢ ನಿದ್ದೆಯಲ್ಲಿದ್ದರು. ಪಾದಗಳಿಗೆಲ್ಲ ಹಿಂದಿನ ದಿನದ ಗುಲಾಲು.

"ನಾನೂ ಇವರೂ ಎಸ್‌ಟಿಡಿ ಬೂತಿಗೆ ಹೋಗಿ ಬರ್ತೇವಿ. ನೀ ಇಲ್ಲೇ ಕೂಡು. ಅವ್ವ ಎದ್ರ ಹಾಲಿಗೆ ಹೋಗ್ಯಾಳ ಅಂತ ಹೇಳು," ಎಂದು ಪಿಸುಗುಟ್ಟಿದಳು. ಹೊಸ್ತಿಲ ಬಳಿ ಹೋದವಳು ತಿರುಗಿ ನಿಂತಳು. "ಎಬ್ಬಿಸಬ್ಯಾಡ. ಇನ್ನ ಮ್ಯಾಲ ಆಕಿಗೆ ಹಿಂಗ ನಿದ್ದಿ ಯಾವಾಗ ಬರತದೋ..."

ದೇಶಕ್ಕೆ ದೇಶವೇ ಆ ಸುದ್ದಿ ಕೇಳಿದ ಹೊತ್ತಿನಲ್ಲಿ ನಾನಿದ್ದದ್ದು ಅಲ್ಲಿ, ನಿದ್ದೆ ಮಾಡುತ್ತಿದ್ದ ಒಬ್ಬ ಮುದುಕಿಯ ಪಕ್ಕದಲ್ಲಿ. ಏಳದಿರಲಿ, ಇನ್ನೂ ಸ್ವಲ್ಪ ಹೊತ್ತು ಏಳದಿರಲಿ ಎಂದುಕೊಳ್ಳುತ್ತ.

ಅಜ್ಜಿ ಎದ್ದರು. ಮಗಳೆಲ್ಲಿ ಎಂದರು. ಹಾಲಿಗೆ ಹೋಗಿದ್ದಾಳೆ ಎಂದೆ. ಅವರು ತಲೆದಿಂಬಿನ ಕೆಳಗಿನಿಂದ ಬಳೆಗಳನ್ನು ತೆಗೆದು ನನಗೆ ತೋರಿಸಿದರು. "ಸಣ್ಣಾಕಿ ಕೈಗೆ ದೊಡ್ಡವು ಆಗ್ತಾವೇನವಾ?"

"ಇಲ್ಲ್ರಿ ಅಜ್ಜಿ. ಸರಿ ಆಗ್ತಾವ."

ಅಕ್ಕ ಬಂದಳು. ಬರಿಗೈಯಲ್ಲಿ ಬಂದಳು. ಊರ ಕಡೆಯ ಯಾವ ಫೋನೂ ಸಿಕ್ಕಿರಲಿಲ್ಲ.

"ಹಾಲೆಲ್ಲಿ?" ಎಂದರು ಅಜ್ಜಿ.

ಅಕ್ಕ ಅವರ ಮುಂದೆ ಕುಳಿತಳು. "ನಮ್ಮ ಕಡೆ ಭೂಮಿ ನಡಗೇದಂತಬೇ."

"ಯಾರ ಹೇಳಿದ್ರು?"

"ರೇಡಿಯೋದಾಗ."

"ನಮ್ಮೂರ ಹೆಸರು ಹೇಳಿದ್ರೇನು?"

"ಇಲ್ಲ... ಕಿಲ್ಲಾರಿ ಅಂದ್ರು."

ಅಜ್ಜಿ ಬಳೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ ಎದ್ದು ನಿಂತು, "ನನ್ನ ಗಂಟ ಕೆಳಗ ಇಳಸು," ಎಂದರು.

ಸಿಕ್ಕ ಬಸ್ಸಿಗೆ ಅಜ್ಜಿ, ಅಕ್ಕ, ಆಕೆಯ ಗಂಡ ಮೂವರೂ ಹೋದರು. ಅಕ್ಕನ ಮಗನನ್ನು ನಾವು ಇಟ್ಟುಕೊಂಡೆವು. ದಸರೆಯ ಹತ್ತಿರ ತಿರುಗಿ ಬಂದಾಗ ಅಕ್ಕ ಹೇಳಿದ್ದು ಸ್ವಲ್ಪ. ಬೆಳೆ ಕಾಯಲು ಹೊಲದಲ್ಲಿ ಮಲಗಿದ್ದ ತಮ್ಮ ಉಳಿದುಕೊಂಡ. ತಮ್ಮನ ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಮನೆಯೊಳಗಿದ್ದರು. ಆಳೆತ್ತರದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಲ್ಲು ಸರಿಸುವಾಗ ಮಳೆ ಬೇರೆ...

ಅಜ್ಜಿ ಅಕ್ಕನ ಮನೆಯಲ್ಲೇ ಉಳಿದರು. ಆದರೆ ಮಗಳ ಜೊತೆ ಮಾತು ನಿಲ್ಲಿಸಿದರು. ಏನಾದರೂ ಬೇಕಾದರೆ ಅಳಿಯನಿಗೆ ಹೇಳುತ್ತಿದ್ದರು, ಮೊಮ್ಮಗನಿಗೆ ಹೇಳುತ್ತಿದ್ದರು, ನನಗೆ ಹೇಳುತ್ತಿದ್ದರು. ಅಕ್ಕ ತಟ್ಟೆ ಬಡಿಸಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂರಬೇಕು, ಆಗ ಅಜ್ಜಿ ಊಟಕ್ಕೆ ಕೈ ಹಾಕುತ್ತಿದ್ದರು. ವಾಡಾದ ಹೆಂಗಸರು ಸಮಾಧಾನ ಹೇಳಲು ಬಂದು, ಮಗಳು ಉಳಿಸಿಕೊಂಡಳಲ್ಲ, ದೊಡ್ಡ ಪುಣ್ಯ ಎನ್ನುತ್ತಿದ್ದರು. ಅಜ್ಜಿ ಗೋಡೆಯ ಕಡೆ ತಿರುಗಿ, "ಯಾರು ಕೇಳಿದ್ರು ಆಕಿನ್ನ?" ಎನ್ನುತ್ತಿದ್ದರು.

ಒಮ್ಮೆ ಬಟ್ಟೆ ಒಗೆಯುವಾಗ ಅಕ್ಕ ತಾನಾಗಿಯೇ ಹೇಳಿದಳು. "ಎಲ್ಲಾರೂ ಉಳಿಸಿದಿ ಉಳಿಸಿದಿ ಅಂತಾರ. ನಾ ಎಲ್ಲಿ ಉಳಿಸೇನಿ ತಂಗಿ? ನಂಗ ಗಣಪತಿ ತೋರಸೂದಿತ್ತು, ಅಷ್ಟ." ಮತ್ತೆ ಸೀರೆ ಹಿಂಡತೊಡಗಿದಳು.

ತಮ್ಮ ಮತ್ತೆ ಮದುವೆಯಾದ. ಹೊಸ ಊರಿನಲ್ಲಿ ಸರಕಾರದ ಮನೆ ಸಿಕ್ಕಿತು. ತಾಯಿಯನ್ನು ಕರೆಯಲು ಬಂದ. "ಅಲ್ಲಿ ನಂದೇನದ?" ಎಂದರು ಅಜ್ಜಿ, ಹೋಗಲಿಲ್ಲ. ವರ್ಷಗಳು ಹೀಗೇ ಸರಿದವು. ಅಕ್ಕ ಅಳುತ್ತಿರಲಿಲ್ಲ, ಸಿಟ್ಟಾಗುತ್ತಿರಲಿಲ್ಲ. ದಣಿದಿದ್ದಳು. ನಳದ ಪಾಳಿಯಲ್ಲಿ ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು. ತಾಯಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಮಾತ್ರ ಅಜ್ಜಿ ಸುಮ್ಮನೆ ಬೆನ್ನು ಕೊಟ್ಟು ಕೂರುತ್ತಿದ್ದರು. ಅಷ್ಟು ಹೊತ್ತು ಅಕ್ಕ ಅವಸರ ಮಾಡುತ್ತಿರಲಿಲ್ಲ.

ಆಮೇಲೆ ನಾವು ಪಿಂಪ್ರಿಗೆ ಮನೆ ಬದಲಿಸಿದೆವು. ಎರಡು ಸಾವಿರದ ಒಂದರ ಗಣರಾಜ್ಯ ದಿನ ಗುಜರಾತಿನಲ್ಲಿ ಭೂಮಿ ನಡುಗಿದ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಖೋಲಿ. ಮರುದಿನ ಮಧ್ಯಾಹ್ನ ಬಸ್ಸು ಹಿಡಿದು ಹೋದೆ. ಒಳಗೆ ಟೀವಿಯಲ್ಲಿ ಭುಜ್ ಕಾಣುತ್ತಿತ್ತು. ಮುರಿದ ಗೋಡೆ, ಕಲ್ಲು ಸರಿಸುವ ಕೈಗಳು. ಅಜ್ಜಿ ತಟ್ಟೆ ಮುಂದಿಟ್ಟುಕೊಂಡು ನೋಡುತ್ತಿದ್ದರು. ಅಕ್ಕ ಹೊರಗೆ ಮೆಟ್ಟಿಲ ಮೇಲಿದ್ದಳು. ನಾನೂ ಪಕ್ಕದಲ್ಲಿ ಕುಳಿತೆ.

ಒಳಗಿನಿಂದ ಅಜ್ಜಿಯ ದನಿ ಬಂತು. "ಏ, ಅದನ್ನ ಬಂದ್ ಮಾಡು."

ಅಕ್ಕ ನನ್ನತ್ತ ನೋಡಿದಳು. ಹೇಳಿದ್ದು ನನಗೋ ಏನೋ ಎಂದು ನಾನು ಏಳಹೋದೆ.

"ನೀ ಅಲ್ಲವಾ, ಆಕಿ," ಎಂದರು ಅಜ್ಜಿ. "ದಿನಾ ಹೊರಗ ಕುಂತು ಏನ ಕಾಯ್ತಿ? ಒಳಗ ಬಾ. ಉಣ್ಣು," ಎಂದರು.

ಅಕ್ಕ ಒಳಗೆ ಹೋದಳು. ಟೀವಿ ಆರಿಸಿದಳು. ತನ್ನದೊಂದು ತಟ್ಟೆ ಹಿಡಿದು ತಾಯಿಯ ಎದುರು, ಮುಟ್ಟಿದರೆ ಎಲ್ಲಿ ಅವರು ಎದ್ದುಹೋಗುತ್ತಾರೋ ಎನ್ನುವಂತೆ ಒಂಚೂರು ದೂರದಲ್ಲಿ ಕುಳಿತಳು. ಅಜ್ಜಿ ಬುಟ್ಟಿಯಿಂದ ರೊಟ್ಟಿ ತೆಗೆದು ಆಕೆಯ ತಟ್ಟೆಗೆ ಹಾಕಿದರು. ನಾನು ಸದ್ದು ಮಾಡದೆ ಚಪ್ಪಲಿ ಮೆಟ್ಟಿಕೊಂಡೆ.

ಅಜ್ಜಿ ಮುಂದೆ ಕೆಲವು ವರ್ಷ ಇದ್ದು ತೀರಿಕೊಂಡರು. ವಾಡಾ ಕೆಡವಿದರು, ಅಕ್ಕ ಮಗನ ಜೊತೆ ಚಿಂಚವಾಡಕ್ಕೆ ಹೋದಳು. ನಾವು ಹಿಂಜವಾಡಿಯ ಕಡೆ ಬಂದೆವು. ಹಬ್ಬಕ್ಕೊಂದು ಫೋನು, "ಬಾ ತಂಗಿ", "ಬರ್ತೀನಿ ಅಕ್ಕಾ"... ಮೊಣಕಾಲು ನೋವು, ಟ್ರಾಫಿಕ್ಕು, ಇವತ್ತು ಬೇಡ ನಾಳೆ.

ಹೋದ ವರ್ಷ ಅಕ್ಕನ ಮಗ ಫೋನು ಮಾಡಿದ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಡೆಯ ಮೇಲೆ ಹೊಸ ಫೋಟೋ, ಹೊಸ ಹಾರ. ಸಮುದ್ರದ ದಂಡೆಯಲ್ಲಿ ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಳೆ. ತೆರೆ ಬಂದು ಬಡಿದಿದೆ, ಬಾಯಿ ತೆರೆದು ಕೂಗುತ್ತಿದ್ದಾಳೆ, ಖುಷಿಗೆ.

"ಅಲಿಬಾಗದಾಗ ತಗದದ್ದು ಮಾವಶಿ. ನೀರಿನಿಂದ ಹೊರಗ ಬರಲಿಕ್ಕೇ ತಯಾರಿರಲಿಲ್ಲ," ಎಂದ ಮಗ.

ಫೋಟೋದ ಹತ್ತಿರ ಹೋದೆ. ನನಗೆ ಗೊತ್ತಿದ್ದ ಅಕ್ಕನ ದಣಿವು ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ಆ ಅಕ್ಕನನ್ನು ನಾನು ನೋಡಿರಲೇ ಇಲ್ಲ.