ಅತ್ತೆ ಹೊಲಿದ ಟಾಪು

ಆಗೆಲ್ಲ ಅರಸೀಕೆರೆಯ ನಮ್ಮ ಬೀದಿಯಲ್ಲಿ ಸೈಕಲ್ ಇಟ್ಟವನೇ ಸಾಹುಕಾರ. ಅಂಥ ಬೀದಿಗೆ ನಮ್ಮಪ್ಪ ಒಂದು ಭಾನುವಾರ ಕಾರು ತಂದ. ತಂದ ಎನ್ನುವುದು ಮರ್ಯಾದೆಯ ಮಾತು. ಲಾರಿಯ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಮೇಲೆ ಮುಚ್ಚಿಗೆಯಿಲ್ಲ, ಹಿಂದಿನ ಸೀಟಿನ ತುಂಬ ಕೋಳಿ ಹಿಕ್ಕೆ, ಮುಂದಿನ ಎರಡು ದೀಪಗಳಲ್ಲಿ ಒಂದು ಕುರುಡು. ಅಮ್ಮ ಹೊಸಿಲ ಮೇಲೆ ನಿಂತು ಅದನ್ನು ಹಿಂದೆ ಮುಂದೆ ನೋಡಿ, "ಮಿಕ್ಕಿದ್ದು ಯಾವಾಗ ಬತ್ತದೆ?" ಎಂದು ಕೇಳಿದಳು.

"ಇದು ಇಷ್ಟೇ ಕಣೇ. ಟಾಪ್ ಬಿಚ್ಚೋ ಕಾರು. ದೊರೆಗಳು ಓಡಾಡ್ತಿದ್ದಿದ್ದು."

"ದೊರೆಗಳು ಕೋಳೀನೂ ಸಾಕಿದ್ರಾ?"

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗೆಂಡೆಹಳ್ಳಿ ಆಚೆಯ ಒಂದು ಕಾಫಿ ತೋಟಕ್ಕೆ ಪಂಪು ರಿಪೇರಿಗೆಂದು ಹೋದಾಗ ಷೆಡ್ಡಿನಲ್ಲಿ ಇದನ್ನು ಕಂಡು ಮನಸೋತಿದ್ದ. ಯಾವ ಕಾಲದ್ದೋ, ಯಾವ ದೇಶದ್ದೋ, ಹೆಸರಿನ ಬಿಲ್ಲೆ ಎಂದೋ ಉದುರಿಹೋಗಿತ್ತು. ತೋಟದವರು ಗುಜರಿಗೆ ಹಾಕುವವರಿದ್ದರು. ಅಪ್ಪ ಒಂದು ವರ್ಷದ ರಜೆಗಳನ್ನೆಲ್ಲ ಅದರ ಹೊಟ್ಟೆಯ ಕೆಳಗೆ ಮಲಗಿ ಕಳೆದ. ಸೀಟಿಗೆ ತೆಂಗಿನ ನಾರು ತುಂಬಿದ. ಆ ನಾರು ರೆಕ್ಸಿನ್ ತೂತು ಮಾಡಿಕೊಂಡು ಹೊರಬಂದು ಚುಚ್ಚುತ್ತಿತ್ತು. ಫ್ರಾಕು ತೊಟ್ಟ ನನಗೆ ತೊಡೆಯೆಲ್ಲ ಕೆಂಪು. ಪೆಟ್ರೋಲು, ನಾರು, ಬಿಸಿಲಿಗೆ ಕಾದ ರೆಕ್ಸಿನ್, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಪಠ್ಯಪುಸ್ತಕ ಬಿಸಾಕಿ ಓಡುತ್ತಿದ್ದೆ.

ಟಾಪು ಹೊಲಿದವಳು ಸುಜಾತತ್ತೆ, ಅಪ್ಪನ ತಂಗಿ. ಬೀದಿಯ ಹೆಂಗಸರ ರವಿಕೆ ಹೊಲಿದುಕೊಂಡೇ ಬಿ.ಎ. ಮುಗಿಸಿದವಳು. ಕೊಬ್ಬರಿ ಲಾರಿಗೆ ಹೊದಿಸುವ ದಪ್ಪ ಟಾರ್ಪಾಲನ್ನು ಅಪ್ಪ ಮಾರ್ಕೆಟ್ಟಿನಿಂದ ತಂದು ಅವಳ ಮುಂದೆ ಹಾಕಿದ. ಕಾಲು ಮಿಷನ್ನಿನಲ್ಲಿ ಸೂಜಿಯ ಮೇಲೆ ಸೂಜಿ ಮುರಿಯಿತು. "ಅಲ್ಲ ಕಣಣ್ಣ, ರವಿಕೆ ಹೊಲಿಯೋಳ ಕೈಲಿ ಆನೆಗೆ ಚಡ್ಡಿ ಹೊಲಿಸ್ತಿದ್ದೀಯಲ್ಲ," ಎಂದು ಬೈದುಕೊಂಡೇ ಹೊಲಿದಳು. ಅಂಚಿಗೆ ಕೆಂಪು ಪಟ್ಟಿಯನ್ನೂ ಇಟ್ಟಳು.

ಕಾರಿನ ಗುಣ ಒಂದೆರಡಲ್ಲ. ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಎಡಗಡೆಯ ಬಾಗಿಲು ತೆಗೆಯಲು ಬರುತ್ತಿರಲಿಲ್ಲವಾಗಿ ನಾವು ಮಕ್ಕಳು ಬೇಲಿ ಹಾರಿದಂತೆ ಹಾರಿ ಕೂರುತ್ತಿದ್ದೆವು. ದೊಡ್ಡವರು ಅಪ್ಪನನ್ನು ಇಳಿಸಿ, ಡ್ರೈವರ್ ಬಾಗಿಲಿನಿಂದಲೇ ನುಸುಳಬೇಕು. ಟಾಪ್ ಎತ್ತಲು ಇಬ್ಬರು ಬೇಕು. ಮುಂದಿನವನು ಎಳೆಯುವಾಗ ಹಿಂದಿನವನು ಬಲಗಡೆಯ ಕಂಬಿಗೆ ಅಂಗೈಯಿಂದ ಒಂದೇಟು ಹಾಕಬೇಕು, ಇಲ್ಲದಿದ್ದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬೀದಿಯ ಹುಡುಗರು ಅದಕ್ಕೆ ಬೋಡುಕಾರು ಎಂದು ಹೆಸರಿಟ್ಟಿದ್ದರು. ಮಾಲೇಕಲ್ಲಿನ ಬೆಟ್ಟದ ಬುಡದಲ್ಲಿ ನಿಂತಾಗ ಹತ್ತಿ ಇಳಿಯುವ ಭಕ್ತರೆಲ್ಲ ಅದನ್ನೊಂದು ಸುತ್ತು ಹಾಕಿ ಹೋಗುತ್ತಿದ್ದರು. ಹಳೇಬೀಡಿನಲ್ಲಿ ಬಿಳಿಯರಿಬ್ಬರು ಗೋಡೆಯ ಆನೆ ಕುದುರೆಗಳಿಗೆ ಬೆನ್ನು ತಿರುಗಿಸಿ ನಮ್ಮ ಕಾರಿನ ಫೋಟೋ ತೆಗೆದರು. ಅವತ್ತು ಅಪ್ಪ ಬೇಲೂರಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದ. ಮನೆಗೆ ಬರುವವರೆಗೂ ಮೀಸೆ ತಿರುವುತ್ತಲೇ ಇದ್ದ.

ಮದುವೆಯ ಮೆರವಣಿಗೆಗೆ ಅದನ್ನು ಮೊದಲು ಕೇಳಿದವರು ಪೇಟೆಯ ಕೊಬ್ಬರಿ ವ್ಯಾಪಾರಿಯೊಬ್ಬರು. ಟಾಪ್ ಮಡಿಸಿ, ಅದರ ಮೇಲೆ ಜಮಖಾನ ಹಾಸಿ, ಗಂಡುಹೆಣ್ಣನ್ನು ಎತ್ತರಕ್ಕೆ ಕೂರಿಸಿದರೆ ಇಡೀ ಊರಿಗೆ ಕಾಣುತ್ತಿದ್ದರು. ಅಲ್ಲಿಂದ ಮದುವೆ ಕಾಲ ಬಂತೆಂದರೆ ಸುತ್ತಲಿನ ಊರುಗಳಿಂದ ಹೇಳಿಕಳಿಸುವವರೇ. ನಡಿಗೆಯ ವೇಗದಲ್ಲಿ ಹೋದರೆ ಎಂಜಿನ್ ಕಾದು ಕುದಿಯುತ್ತಿತ್ತು. ನೀರಿನ ಕ್ಯಾನು ಹಿಡಿದು ಮುಂದಿನ ಸೀಟಿನಲ್ಲಿ ಕೂರುವುದು ನನ್ನ ಕೆಲಸ. ಮದುವೆಯಿಲ್ಲದ ದಿನ ನಿಂತ ಕಾರಿನಲ್ಲೇ ನಾವು ಹುಡುಗಿಯರು ಮೆರವಣಿಗೆಯಾಟ ಆಡುತ್ತಿದ್ದೆವು. ಒಬ್ಬಳು ಎಣ್ಣೆ ಡಬ್ಬ ಬಾರಿಸಿದರೆ ಇನ್ನಿಬ್ಬರು ಮದುಮಕ್ಕಳು.

ಮದುವೆಯ ಊಟವನ್ನು ಅಪ್ಪ ಯಾವಾಗಲೂ ಕಾರಿನಲ್ಲೇ ಮಾಡುತ್ತಿದ್ದ. ಯಾರೋ ಎಲೆಯಲ್ಲಿ ಕಟ್ಟಿ ತಂದುಕೊಡುತ್ತಿದ್ದರು. ಒಳಗೆ ಪಂಕ್ತಿಯಲ್ಲಿ ನುಗ್ಗಲಾಗದೆ ಜನ ಒದ್ದಾಡುವಾಗ ನಾವಿಬ್ಬರು ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂತು ಹೋಳಿಗೆ ತಿನ್ನುತ್ತಿದ್ದೆವು. "ಕಾರು ಬಿಟ್ಟು ಹೋದ್ರೆ ಹುಡುಗ್ರು ಟಾಪ್ ಹರೀತಾರೆ ಕಣವ್ವ," ಎನ್ನುತ್ತಿದ್ದ ಅಪ್ಪ. ನಾನು ನಂಬಿದ್ದೆ. ನಮ್ಮನ್ನು ಆ ಪಂಕ್ತಿಗಳಿಗೆ ಯಾರೂ ಕರೆಯುತ್ತಿರಲಿಲ್ಲ ಎಂಬುದು ತಿಳಿದದ್ದು ಎಷ್ಟೋ ತಡವಾಗಿ. ನಾವು ಊರಾಚೆಯ ಕೇರಿಯವರು, ತಾತನ ಕಾಲಕ್ಕೆ ಬೌದ್ಧರಾದವರು. ಅರಸೀಕೆರೆಯ ಬಾಡಿಗೆ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅದರ ಅರ್ಥ ಇನ್ನೂ ಮುಟ್ಟಿರಲಿಲ್ಲ.

ಒಂದು ಬೇಸಿಗೆಯಲ್ಲಿ ಕಣಕಟ್ಟೆ ಕಡೆಯ ಒಂದು ಊರಿಗೆ ಎರಡು ಸಲ ಹೋದೆವು. ಊರಿನ ಹೆಸರು ಬರೆಯುವುದಿಲ್ಲ, ಅತ್ತೆ ಇನ್ನೂ ಅಲ್ಲೇ ಬಾಳುತ್ತಿದ್ದಾಳೆ. ಮೊದಲನೆಯದು ಆ ಊರಿನ ದೊಡ್ಡಮನೆ ಯಜಮಾನರ ಮಗ ಚಂದ್ರಣ್ಣನ ಮದುವೆ. ಮೆರವಣಿಗೆ ದೇವಸ್ಥಾನದ ಬೀದಿಯಲ್ಲಿ ಅರ್ಧಕ್ಕೆ ಬಂದಿತ್ತು, ಹಠಾತ್ತನೆ ದಪ್ಪ ಹನಿಯ ಮಳೆ. ಚಂದ್ರಣ್ಣ ಒಳ್ಳೆಯ ಹುಡುಗ. ಬಾಸಿಂಗ ಕಟ್ಟಿಕೊಂಡೇ ಕೆಳಗೆ ಹಾರಿ ಅಪ್ಪನ ಜೊತೆ ಟಾಪ್ ಎತ್ತಲು ನಿಂತ. ಕಂಬಿಗೆ ಏಟು ಹಾಕುವ ಗುಟ್ಟು ಅಪ್ಪ ಹೇಳಿಕೊಟ್ಟ. ಟಾಪ್ ಎದ್ದಾಗ ಮದುಮಗನೇ ಚಪ್ಪಾಳೆ ತಟ್ಟಿದ. ಎಂಜಿನ್ ಆರಿಹೋದಾಗ ಆ ಬೀದಿಯ ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ, ಹೋ ಎಂದು ಕೂಗುತ್ತ ತಳ್ಳಿದರು.

ತಿಂಗಳೊಪ್ಪತ್ತಿನಲ್ಲೇ ಸುಜಾತತ್ತೆಗೆ ಅದೇ ಊರಿನ ಗಂಡು ಗೊತ್ತಾಯಿತು. ನಮ್ಮವರೇ. ಗಂಡಿನ ಹೆಸರು ರಾಜಣ್ಣ, ಸರ್ಕಾರಿ ಕೆಲಸದಲ್ಲಿದ್ದ. ಅತ್ತೆಗೆ ಇದ್ದದ್ದು ಒಂದೇ ಆಸೆ.

"ಅಣ್ಣ, ಟಾಪ್ ಬಿಚ್ಕಂಡೇ ಹೋಗ್ಬೇಕು. ಊರೋರ್ ಮದ್ವೇಗೆಲ್ಲ ಮಡಿಸಿ ಕೊಟ್ಟಿದ್ದೀನಿ. ನನ್ ಮದ್ವೇಲಿ ನಾನು ಕತ್ತಲೇಲಿ ಕೂರಾಕಿಲ್ಲ."

"ಆ ಊರಲ್ಲಿ ದೇವಸ್ಥಾನದ ಬೀದಿ ದಾಟ್ದೆ ನಮ್ಮೋರ ಕೇರಿಗೆ ಗಾಡಿ ಹೋಗಲ್ಲ. ಸುಮ್ನೆ ಮುಚ್ಕಂಡು ಹೋಗ್ಬಾರ್ದಾ?" ಎಂದಳು ಅಮ್ಮ.

"ಕಾರು ನಂದು, ರಸ್ತೆ ಸರ್ಕಾರದ್ದು," ಎಂದ ಅಪ್ಪ.

ಬೆಳಿಗ್ಗೆ ಅರಸೀಕೆರೆಯಲ್ಲೇ ಬುದ್ಧನ ಪಟದ ಮುಂದೆ ಮದುವೆಯಾಯಿತು. ಊಟ ಮುಗಿಸಿ ಹೆಣ್ಣನ್ನು ಗಂಡಿನ ಮನೆ ತುಂಬಿಸಲು ಹೊರಟೆವು. ಅತ್ತೆ ಹಸಿರು ರೇಷ್ಮೆ ಸೀರೆಯಲ್ಲಿ, ರಾಜಣ್ಣ ಮಾವನ ಪಕ್ಕ, ಮಡಿಸಿದ ಟಾಪಿನ ಮೇಲೆ ಎತ್ತರಕ್ಕೆ ಕೂತಿದ್ದಳು. ಕನಕಾಂಬರದ ದಂಡೆ ಗಾಳಿಗೆ ಹಾರಿಹೋಗದಂತೆ ಒಂದು ಕೈ ತಲೆಯ ಮೇಲೆ. ಅಷ್ಟು ನಗುವುದನ್ನು ನಾನು ಮುಂದೆ ನೋಡಲಿಲ್ಲ. ಊರ ಬಾಗಿಲಲ್ಲಿ ಕೇರಿಯವರು ತಮಟೆ ಹಿಡಿದು ಎದುರುಗೊಂಡರು.

ದೇವಸ್ಥಾನದ ಬೀದಿಯ ತಿರುವಿನಲ್ಲಿ ಜನ ನಿಂತಿದ್ದರು. ಕೈಯಲ್ಲಿ ದೊಣ್ಣೆಯಿಲ್ಲ, ಬಾಯಲ್ಲಿ ಬೈಗುಳವಿಲ್ಲ. ನಡುವೆ ದೊಡ್ಡಮನೆ ಯಜಮಾನರು. ತಮಟೆ ನಿಂತಿತು.

"ಏನಪ್ಪ, ತಂಗಿ ಮದ್ವೆ ಅಂತೆ. ಒಳ್ಳೇದಾಗ್ಲಿ," ಎಂದರು ಯಜಮಾನರು. "ನಾವೇನು ಹೋಗ್ಬ್ಯಾಡಿ ಅನ್ನಾಕಿಲ್ಲ. ಟಾಪ್ ಹಾಕ್ಕಂಡು ಹೋಗಿ. ಅಷ್ಟೇಯ."

"ಯಾಕೆ ಯಜಮಾನ್ರೇ? ಮೊನ್ನೆ ಇದೇ ಬೀದೀಲಿ ಇದೇ ಕಾರು ತೆರ್ಕಂಡೇ ಬಂತಲ್ಲ. ನಾನೇ ಓಡ್ಸಿದ್ದು."

"ಅವತ್ತು ನೀನು ಮುಂದೆ ಕೂತಿದ್ದೆ. ಹಿಂದೆ ಯಾರು ಕೂತಿದ್ರು ಅನ್ನೋದ ನೋಡು. ಒಳಗೆ ದೇವರು ಅವ್ನೆ, ಅವನ ಮುಂದೆ ಎತ್ತರದಾಗೆ ಕೂತು ಮೆರೀಬ್ಯಾಡಿ ಅಂತೀವಿ."

ಅಪ್ಪ ಸ್ಟಿಯರಿಂಗ್ ಬಿಡಲಿಲ್ಲ. ಆಗ ರಾಜಣ್ಣ ಮಾವನ ಅಪ್ಪ, ಮುದುಕ, ಯಜಮಾನರಿಗೆ "ಬುದ್ಧೀ, ಆಯ್ತು ಬುದ್ಧೀ," ಎಂದು ಕೈಮುಗಿದು, ಕಾರಿನ ಹತ್ತಿರ ಬಂದು ಅಪ್ಪನಿಗೂ ಕೈಮುಗಿದ. "ಹಾಕ್ಬಿಡಪ್ಪ. ನೀವು ಸಂಜೆಗೆ ಅರಸೀಕೆರೆಗೆ ಹೋಗ್ತೀರಿ. ನಾವು ಇಲ್ಲೇ ಬಾಳ್ಬೇಕು."

ಅಪ್ಪ ತನ್ನ ಕಾರಿನ ಬಗ್ಗೆ ಎಂದೂ ಒಂದು ಕೆಟ್ಟ ಮಾತು ಆಡಿದವನಲ್ಲ. ಅವತ್ತು ಆಡಿದ. "ಟಾಪ್ ಕೆಟ್ಟೈತೆ ಯಜಮಾನ್ರೇ. ಏಳಾಕಿಲ್ಲ."

"ಇಲ್ಲ ಕಣಣ್ಣ, ಏಳ್ತದೆ. ನಂಗೊತ್ತು," ಎನ್ನುತ್ತ ಗುಂಪಿನಿಂದ ಚಂದ್ರಣ್ಣ ಮುಂದೆ ಬಂದ. ಉಗುರಿನ ಮದರಂಗಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವನ ಮುಖದಲ್ಲಿ ಹಗೆ ಇರಲಿಲ್ಲ. ಜಗಳ ತಪ್ಪಿದರೆ ಸಾಕು ಎನ್ನುವ ಆತುರವಿತ್ತು, ಉಪಕಾರ ಮಾಡುತ್ತಿದ್ದೇನೆ ಎನ್ನುವ ಹಿಗ್ಗೂ ಇತ್ತು. ನನಗೆ ಇವತ್ತಿಗೂ ಯಜಮಾನರಿಗಿಂತ ಅವನ ಮೇಲೆಯೇ ಸಿಟ್ಟು. ಮದುಮಕ್ಕಳು ಟಾಪಿನ ಮೇಲಿಂದ ಸೀಟಿಗೆ ಇಳಿದರು. ಅಪ್ಪ ಕೆಳಗಿಳಿದು ಮುಂದೆ ಎಳೆದ, ಚಂದ್ರಣ್ಣ ಬಲಗಡೆಯ ಕಂಬಿಗೆ ಸರಿಯಾದ ಜಾಗದಲ್ಲಿ ಅಂಗೈಯಿಂದ ಒಂದೇಟು ಹಾಕಿದ. ಅತ್ತೆ ಹೊಲಿದ ಟಾಪು ಒಂದಿಷ್ಟೂ ತಡವರಿಸದೆ ಎದ್ದು ನಮ್ಮೆಲ್ಲರ ತಲೆಯ ಮೇಲೆ ಕೂತಿತು.

ಒಳಗೆ ಕತ್ತಲು, ಕಾದ ಟಾರ್ಪಾಲಿನ ವಾಸನೆ. ಅಕ್ಕಪಕ್ಕದ್ದೇನೂ ಕಾಣದು. ಅಪ್ಪ ಬಂದು ಸ್ಟಿಯರಿಂಗ್ ಹಿಡಿದ.

"ಅಣ್ಣ, ಇಳಿ. ದಾರಿ ಬಿಡು," ಎಂದಳು ಅತ್ತೆ.

"ಸುಮ್ನಿರವ್ವ. ಎರಡ್ ನಿಮಿಷದ್ ದಾರಿ."

"ಇಳಿ ಅಂದೆ."

ಅಪ್ಪ ಇಳಿದ. ಅತ್ತೆ ಸೀರೆ ಬಾಚಿಕೊಂಡು ನುಸುಳಿ ಹೊರಗೆ ಬಂದಳು, ಮುಂದಿನ ಸೀಟಿನಲ್ಲಿದ್ದ ನನ್ನನ್ನೂ ಎಳೆದುಕೊಂಡಳು. ನನ್ನ ಕೈಹಿಡಿದು ಬೀದಿಯ ನಟ್ಟನಡುವೆ ನಡೆಯತೊಡಗಿದಳು. ಕೇರಿಯ ಹೆಂಗಸೊಬ್ಬಳು ಓಡಿಬಂದು, "ಚಪ್ಪಲಿ ಕೈಲಿ ಹಿಡ್ಕಳವ್ವ, ದಮ್ಮಯ್ಯ," ಎಂದು ಪಿಸುಗುಟ್ಟಿದಳು. ಅತ್ತೆ ಅವಳತ್ತ ತಿರುಗಲೂ ಇಲ್ಲ. ಹೊಸ ಚಪ್ಪಲಿಗಳು ಟಪಟಪ ಸದ್ದು ಮಾಡುತ್ತಿದ್ದವು. ಅವಳ ಅಂಗೈ ಬೆವರಿ ನನ್ನ ಕೈ ಜಾರುತ್ತಿತ್ತು, ಅವಳು ಮತ್ತೆ ಮತ್ತೆ ಬಿಗಿಯಾಗಿ ಹಿಡಿಯುತ್ತಿದ್ದಳು. ಜಗಲಿಗಳ ಮೇಲೆ ಕೂತವರು ನಮ್ಮನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ರಾಜಣ್ಣ ಮಾವನೂ ಇಳಿದು ಬಂದು ಅವಳ ಪಕ್ಕಕ್ಕೆ ಸೇರಿಕೊಂಡ. ನನಗೆ ಹೆದರಿಕೆಯಾಗಿತ್ತು, ಜೊತೆಗೆ ಎಂದೂ ಇಲ್ಲದಷ್ಟು ಹೆಮ್ಮೆಯೂ ಆಗಿತ್ತು. ಹಿಂದೆ ಟಾಪ್ ಹಾಕಿದ ಖಾಲಿ ಕಾರನ್ನು ಅಪ್ಪ ಓಡಿಸಿಕೊಂಡು ಬರುತ್ತಿದ್ದ. ದೇವಸ್ಥಾನದ ಮುಂದೆ ಎಂಜಿನ್ ಆರಿತು. ಬೀದಿಯವರು ಯಾರೂ ಏಳಲಿಲ್ಲ. ತಮಟೆ ಹೆಗಲಿಗೆ ಹಾಕಿಕೊಂಡು ನಮ್ಮವರೇ ತಳ್ಳಿದರು.

"ಕೊನೇಗೆ ನಡ್ಕಂಡೇ ಹೋದ್ರು ನೋಡು," ಎಂದು ಜಗಲಿಯಿಂದ ಯಾರೋ ನಕ್ಕದ್ದು ನನ್ನ ಕಿವಿಗೂ ಬಿತ್ತು. ನಾವು ಗೆದ್ದೆವು ಎಂದುಕೊಂಡದ್ದನ್ನು ಅವರೂ ತಮ್ಮ ಗೆಲುವೆಂದೇ ಎಣಿಸಿದ್ದರು.

ಆದರೆ ಚಪ್ಪಲಿಯನ್ನು ಮರೆಯಲಿಲ್ಲ. ಆ ವಾರದಿಂದಲೇ ಮಿಲ್ಲಿನಲ್ಲಿ ಕೇರಿಯವರ ರಾಗಿ ಬೀಸುವುದನ್ನು ನಿಲ್ಲಿಸಿದರು. ಅಂಗಡಿಯಲ್ಲಿ ಉಪ್ಪೂ ಹುಟ್ಟಲಿಲ್ಲ. ತೋಟದ ಕೆಲಸಕ್ಕೆ ಕರೆಯುವುದನ್ನೂ ಬಿಟ್ಟರು. ಗಂಡಸರು ಹಿಟ್ಟಿಗಾಗಿ ಚೀಲ ಹೊತ್ತು ಬಸ್ಸಿನಲ್ಲಿ ಕಣಕಟ್ಟೆಗೆ ಹೋಗಬೇಕಾಯಿತು. ಯಾರೂ ಅತ್ತೆಗೆ ಕೈ ಮಾಡಲಿಲ್ಲ, ದೊಡ್ಡ ದನಿಯಲ್ಲಿ ಬೈಯಲೂ ಇಲ್ಲ. ಮುದ್ದೆಗೆ ಎಸರಿಡುವಾಗೆಲ್ಲ ಅವಳ ಅತ್ತೆ ಮಾತ್ರ, "ಎರಡ್ ನಿಮಿಷ ಕಾರೊಳಗೆ ಕೂತಿದ್ರೆ ಆಗ್ತಿತ್ತಲ್ಲೇ," ಎನ್ನುತ್ತಿದ್ದಳಂತೆ. ಮಿಲ್ಲಿನಲ್ಲಿ ಮತ್ತೆ ಬೀಸಿಕೊಡುವಂತಾದ ಮೇಲೂ, ಆ ಮುದುಕಿ ಸಾಯುವವರೆಗೂ ಆ ಮಾತು ನಿಲ್ಲಲಿಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಅತ್ತೆ ಅದನ್ನೊಮ್ಮೆ ಅಮ್ಮನಿಗೆ ಹೇಳಿ, ಕೂಡಲೇ ಬೇರೆ ಮಾತು ತೆಗೆದಿದ್ದಳು.

ಅಪ್ಪ ಮತ್ತೆ ಯಾವ ಮದುವೆಗೂ ಹೋಗಲಿಲ್ಲ. ಹೇಳಿಕಳಿಸಿದವರಿಗೆಲ್ಲ ಕಾರು ಕೆಟ್ಟಿದೆ ಎನ್ನುತ್ತಿದ್ದ. ಆಮೇಲೆ ಅದು ನಿಜವಾಗಿಯೂ ಕೆಟ್ಟಿತು. ಈಗ ಅದು ಬೇಲೂರಿನ ರಸ್ತೆಯ ಒಂದು ರೆಸಾರ್ಟಿನ ಮುಂದೆ ನಿಂತಿದೆ. ಟಾಪ್ ಕಿತ್ತುಹಾಕಿ, ಹಿಂದಿನ ಸೀಟಿಗೆ ಮಣ್ಣು ತುಂಬಿ ಕ್ರೋಟನ್ ಗಿಡ ನೆಟ್ಟಿದ್ದಾರೆ. ಅಪ್ಪ ಸಾಯುವ ಮುಂಚೆ ಒಮ್ಮೆ ಅದನ್ನು ತೋರಿಸಲು ಕರೆದುಕೊಂಡು ಹೋದೆ. ಅವನು ಬಸ್ಸಿನಿಂದ ಇಳಿಯಲಿಲ್ಲ.

ಹೋದ ವರ್ಷ ಅತ್ತೆಯ ಮಗನ ಮದುವೆಯಾಯಿತು. ಹುಡುಗ ಓದಿದವನು, ಹೈಸ್ಕೂಲು ಮೇಷ್ಟ್ರು. ಅರಸೀಕೆರೆಯಿಂದ ಬಾಡಿಗೆಗೆ ತಂದ ಹೊಸ ಕಾರಿನ ಮೇಲ್ಭಾಗದಲ್ಲಿ ಗಾಜಿನ ಕಿಂಡಿ, ಗುಂಡಿ ಒತ್ತಿದರೆ ತಾನೇ ಸರಿದು ತೆರೆದುಕೊಳ್ಳುತ್ತದೆ. ಮದುಮಕ್ಕಳಿಬ್ಬರೂ ಅದರೊಳಗಿಂದ ಎದ್ದು ನಿಂತು ದಾರಿಯುದ್ದಕ್ಕೂ ಕೈಬೀಸುತ್ತ ಬಂದರು. ಅತ್ತೆ ಅವರ ಪಕ್ಕದಲ್ಲಿ ಕೂತಿದ್ದಳು, ನಾನು ಮುಂದೆ. ದೇವಸ್ಥಾನದ ಬೀದಿಯ ತಿರುವು ಬಂತು. ಅತ್ತೆ ಮಗನ ಅಂಗಿ ಹಿಡಿದು ಕೆಳಕ್ಕೆ ಜಗ್ಗಿದಳು.

"ಕೂತ್ಕಳೋ."

"ಯಾಕಮ್ಮ? ಈಗ ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಕೂತ್ಕಳಪ್ಪ."

ಅವನು ಕೂತ. ಹೊಸ ಸೊಸೆ ಏನೊಂದೂ ತಿಳಿಯದೆ ತಾನೂ ಕೂತಳು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಗ್ಲಾಸ್ ಕ್ಲೋಸ್ ಮಾಡ್ಲಾ ಮೇಡಂ?" ಎಂದ.

"ಮಾಡಪ್ಪ," ಎಂದಳು ಅತ್ತೆ.

ಅಪ್ಪ ಹೋದ, ಕಾರು ಹೋಯಿತು. ಹೋದದ್ದು ನನಗೆ ಗೊತ್ತಿದೆ, ಅತ್ತು ಮುಗಿಸಿದ್ದೇನೆ. ಆ ಮಧ್ಯಾಹ್ನ ನನ್ನ ಕೈಹಿಡಿದು ನಡೆದವಳು ಯಾವತ್ತು ಹೋದಳೋ ಗೊತ್ತಾಗಲೇ ಇಲ್ಲ. ತಿರುಗಿ ನೋಡಿದೆ. ಅತ್ತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದಳು. ಕಾರು ದೇವಸ್ಥಾನ ದಾಟಿತು. ಕಟ್ಟೆಯ ಮೇಲೆ, ಜಗಲಿಗಳ ಮೇಲೆ, ಬೀದಿಯ ಉದ್ದಕ್ಕೂ, ನಮ್ಮನ್ನು ತಡೆಯಲು ಒಬ್ಬರೂ ನಿಂತಿರಲಿಲ್ಲ.