ಕಿರೀಟದ ಲೆಕ್ಕ, ಅಜ್ಜಿಯ ಗುಂಡಿನ ಸರ

ಅಕ್ಕನ ಮದುವೆ ಹತ್ತಿರವಿದ್ದಾಗ ನಮ್ಮ ಚಿಕ್ಕಪ್ಪ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರು. ರಾಜನ ಕಿರೀಟದಲ್ಲಿ ಬೆಳ್ಳಿ ಬೆರೆತಿದೆಯೇ ಎಂದು ಯೋಚಿಸುತ್ತಿದ್ದ ಹಳೇ ಗ್ರೀಕ್ ಗಣಿತಜ್ಞ, ಸ್ನಾನದ ತೊಟ್ಟಿಯಲ್ಲಿ ಉಪಾಯ ಹೊಳೆದು ಬತ್ತಲೆಯಾಗೇ ಬೀದಿಗೆ ಓಡಿದ ಕಥೆ. ಓಡಿದ್ದು ಅವನು, ಸಿಕ್ಕಿಹಾಕಿಕೊಂಡದ್ದು ಜಡಿಗೇನಹಳ್ಳಿಯ ನಮ್ಮ ಅತ್ತೆ, ಚಿಕ್ಕಪ್ಪನ ಅಕ್ಕ.

ಅಜ್ಜಿ ತೀರಿಕೊಂಡ ಮೇಲೆ ಅವಳ ಗುಂಡಿನ ಸರ ಅತ್ತೆಯ ಹತ್ತಿರ ಇತ್ತು. ಮೊದಲು ಮದುವೆಯಾಗುವ ಮೊಮ್ಮಗಳಿಗೆ ಅದು ಅಂತ ಅಜ್ಜಿಯೇ ಹೇಳಿದ್ದಳು. ಅತ್ತೆ ತಂದುಕೊಟ್ಟ ದಿನವೇ ಚಿಕ್ಕಪ್ಪ ಅಡುಗೆಮನೆಯಲ್ಲಿ ಪ್ರಯೋಗಕ್ಕೆ ಕೂತರು. ಸರದಷ್ಟೇ ತೂಗುವ ಚಿಕ್ಕಮ್ಮನ ಚೈನು, ಉಂಗುರ. ಅಂಚಿನವರೆಗೆ ನೀರು ತುಂಬಿದ ಲೋಟ, ಕೆಳಗೆ ತಟ್ಟೆ. ಚೆಲ್ಲಿದ ನೀರು ಅಳೆಯಲು ಕೆಮ್ಮಿನ ಸಿರಪ್ಪಿನ ಮುಚ್ಚಳ. ಚೈನು, ಉಂಗುರ ಇಳಿಬಿಟ್ಟಾಗ ಮುಚ್ಚಳದ ತಳ ಒದ್ದೆಯಾಯಿತು, ಅಷ್ಟೆ. ಸರಕ್ಕೆ ಮುಚ್ಚಳ ತುಂಬಿತು.

"ಇದು ಪೂರ್ತಿ ಚಿನ್ನ ಅಲ್ಲ. ಅಮ್ಮನ ನಿಜವಾದ ಸರ ಎಲ್ಲಿ ಅಕ್ಕ?" ಅಂದರು.

"ಅದೇ ಕಣೋ ಇದು. ಒಳಗೆ ಅರಗು ತುಂಬಿದೆ. ಹಿಂದೆಲ್ಲ ಗುಂಡು ಹಂಗೇ ಮಾಡ್ತಿದ್ರು."

"ಈಗ ನೆನಪಾಯ್ತಾ?"

ಅತ್ತೆ ಸೆರಗಿನಲ್ಲಿ ಸರ ಒರೆಸಿ ತಟ್ಟೆಯ ಪಕ್ಕ ಇಟ್ಟರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರಲಿಲ್ಲ.

"ಆ ಕಿರೀಟದ ಕಥೆ ಆ ಗಣಿತಜ್ಞನ ಉಳಿದಿರೋ ಪುಸ್ತಕ ಯಾವುದರಲ್ಲೂ ಇಲ್ಲ ಚಿಕ್ಕಪ್ಪ. ಅವನು ಸತ್ತು ಎಷ್ಟೋ ತಲೆಮಾರಾದ ಮೇಲೆ ರೋಮಿನವನೊಬ್ಬ ಬರೆದಿದ್ದು."

"ಏನ್ ಲಾಯರಮ್ಮ, ಈ ತಟ್ಟೇಲಿರೋ ನೀರೂ ರೋಮಿನವನು ಚೆಲ್ಲಿದ್ದಾ?"

ಪ್ರಶ್ನೆ ಚೆನ್ನಾಗಿತ್ತು. ತೇಲುವ, ಮುಳುಗುವ ವಸ್ತುಗಳ ನಿಯಮ ಆ ಗ್ರೀಕನದೇ, ಅದು ನಿಜವೇ. ಆದರೆ ಅವನಿಗೆ ಹೆಮ್ಮೆಯಿದ್ದದ್ದು ಕಿರೀಟದ ಮೇಲಲ್ಲ, ಊರಿಗೆ ಮುತ್ತಿಗೆ ಹಾಕಿದವರ ಹಡಗನ್ನು ಎತ್ತಿ ಕುಕ್ಕಿದ ಯಂತ್ರಗಳ ಮೇಲೂ ಅಲ್ಲ. ಗೋಳದ ಗಾತ್ರ ಕಂಡುಹಿಡಿಯುವ ಲೆಕ್ಕದ ಮೇಲೆ. ಸಮಾಧಿಯ ಮೇಲೂ ಅದನ್ನೇ ಕೆತ್ತಿಸಿ ಅಂದಿದ್ದನಂತೆ.

"ಅಜ್ಜಿ ಸರಾನೂ ಗೋಳಗಳೇ," ಅಂದೆ. "ನೀರು ಗಾತ್ರ ಹೇಳುತ್ತೆ, ತಕ್ಕಡಿ ತೂಕ ಹೇಳುತ್ತೆ. ಹೊಟ್ಟೇಲಿ ಏನಿದೆ ಅಂತ ಎರಡೂ ಹೇಳಲ್ಲ. ಒಂದು ಗುಂಡು ಬಿಚ್ಚಿಸೋಣ."

ಮಾರನೇ ದಿನ ಹೊಸಕೋಟೆಯಲ್ಲಿ ಚಿನ್ನದ ಕೆಲಸದ ಆಚಾರಿಯ ಮುಂದೆ ಮೂವರೂ ಕೂತೆವು. ಗುಂಡು ಕಾಯಿಸಿದ ಕೂಡಲೇ ತೂತಿನಿಂದ ಅರಗು ಕಪ್ಪಗೆ ಉಕ್ಕಿತು. ಆಚಾರಿ ಖಾಲಿ ತಗಡನ್ನು ಒರೆಗಲ್ಲಿಗೆ ಉಜ್ಜಿ, ಹಳೇ ಚಿನ್ನ, ಚೆನ್ನಾಗಿದೆ ಅಂದರು. ಚಿಕ್ಕಪ್ಪ ಕಾಫಿ ತರಿಸಿದರು. ಅತ್ತೆ ಲೋಟ ಮುಟ್ಟಲಿಲ್ಲ. ವಾಪಸ್ ಬರುವ ದಾರಿಯುದ್ದಕ್ಕೂ ನಾನು ಗೋಳದ ವಿಷಯ ಮಾತಾಡಿದೆ. ಅತ್ತೆ ಸರ ಬದಲಾಯಿಸುವವರಲ್ಲ ಅನ್ನುವ ಮಾತು ನನ್ನ ವಾದದಲ್ಲೂ ಇರಲಿಲ್ಲ ಎಂದು ಆಗ ಹೊಳೆಯಲಿಲ್ಲ.

ಮದುವೆಯ ದಿನ ಅಕ್ಕನಿಗೆ ಒಡವೆ ಹಾಕುವಾಗ ಚಿಕ್ಕಪ್ಪ ಸರ ತಂದು, "ನೀನೇ ಹಾಕಕ್ಕ," ಅಂದರು. ಅತ್ತೆ ಅದನ್ನು ಅವರ ಕೈಯಲ್ಲೇ ಬಿಟ್ಟರು.

"ಅಳೆದೋನು ನೀನು. ನೀನೇ ಹಾಕಪ್ಪ."

ನೆಂಟರೆಲ್ಲ ನೋಡುತ್ತಿದ್ದರು. ಚಿಕ್ಕಪ್ಪನಿಗೆ ಕೊಕ್ಕೆ ಸಿಗದೆ ಕೈ ತಡಕಾಡಿತು. ನಾನು ಸಹಾಯಕ್ಕೆ ಹೊರಟೆ. ಅತ್ತೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.